ಹಾರಿದ ಅರಳೆಯ ಖಟ್ಲೆ

೧೯೩೬ರ ಡಿಸೆಂಬರ್ ತಿಂಗಳಲ್ಲಿ ಧಾರವಾಡದ ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ ನನ್ನ ಮೇಲೆ ಕಳವಿನ ಖಟ್ಲೆ ನಡೆಯಿತು. ಕಳವಾದ ಮಾಲು, ಹಳೆಯ ಧೋತರದ ತುಂಡಿನಲ್ಲಿ ಕಟ್ಟಿದ ಒಂದು ಗಂಟು ಅರಳೆ. ನನಗೆ ಆಗ ಹತ್ತೊಂಬತ್ತು ವರ್ಷ. ಅಲ್ಲಿಯವರೆಗೆ ಕೋರ್ಟಿನ ಕಟ್ಟಡವನ್ನು ನಾನು ರಸ್ತೆಯಿಂದ ಮಾತ್ರ ನೋಡಿದ್ದೆ.

ನಮ್ಮದು ಹತ್ತಿ ಹಿಂಜುವ ಮನೆತನ, ಊರು ಉಣಕಲ್. ತಂದೆ ತೀರಿಕೊಂಡ ಮೇಲೆ ಹತ್ತಿ ಹಿಂಜುವ ಅವರ ಬಿಲ್ಲು ನನ್ನ ಹೆಗಲಿಗೆ ಬಂತು. ಕೆಲಸ ಕಲಿಸಿದವರು ತಂದೆಯ ತಮ್ಮ, ನನ್ನ ಕಾಕಾ. ದೀಪಾವಳಿ ಮುಗಿದು ಚಳಿ ಬಿದ್ದ ಕೂಡಲೇ ನಾವಿಬ್ಬರೂ ಧಾರವಾಡದ ಓಣಿಗಳಲ್ಲಿ ಬಿಲ್ಲಿನ ನರ ಮೀಟುತ್ತ ತಿರುಗುತ್ತಿದ್ದೆವು. ಸದ್ದು ಕೇಳಿ ಹೆಂಗಸರು ಬಾಗಿಲಿಗೆ ಬಂದು ಕರೆಯುತ್ತಿದ್ದರು. ಮಲಗಿ ಮಲಗಿ ಗಟ್ಟಿಯಾದ ಗಾದಿಯನ್ನು ಬಿಚ್ಚಿ, ಒಳಗಿನ ಅರಳೆಯನ್ನು ಹಿಂಜಿ ಹಗುರ ಮಾಡಿ, ಮತ್ತೆ ತುಂಬಿ ಹೊಲಿದು ಕೊಡಬೇಕು. ಗಾಳಿ ತಾಗಿದರೆ ಅರಳೆ ನಿಲ್ಲುವುದಿಲ್ಲ. ಹೀಗಾಗಿ ಈ ಕೆಲಸವನ್ನು ಬಾಗಿಲು ಹಾಕಿಕೊಂಡು ಒಳಕೋಣೆಯಲ್ಲೇ ಮಾಡುವ ರೂಢಿ. ಹೊರಗಿನ ಗಂಡಸರು ಕಾಲಿಡದ ಕೋಣೆಗಳಲ್ಲಿ, ಮನೆಯವರ ಪೆಟ್ಟಿಗೆ ತೊಟ್ಟಿಲುಗಳ ನಡುವೆ, ನಮ್ಮನ್ನಷ್ಟೇ ಬಿಟ್ಟು ಹೋಗುತ್ತಿದ್ದರು. ಆ ನಂಬಿಕೆ ಇಲ್ಲದಿದ್ದರೆ ನಮ್ಮ ಕಸಬೇ ಇಲ್ಲ.

ಹಿಂಜುವಾಗ ಸ್ವಲ್ಪ ಅರಳೆ ಹಾರಿ ಗೋಡೆಗೆ, ಜಂತಿಗೆ, ಮೂಲೆಗೆ ಅಂಟಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಅದನ್ನೆಲ್ಲ ಗುಡಿಸಿ ಬಳಿದು ಗಂಟು ಕಟ್ಟಿ ನಾವೇ ಒಯ್ಯುತ್ತಿದ್ದೆವು. ಬಿಟ್ಟು ಹೋದರೆ ದೀಪದ ಕುಡಿ ತಾಗಿ ಮನೆಗೆ ಬೆಂಕಿ ಹತ್ತೀತೆಂಬ ಹೆದರಿಕೆ. ಹಾಗೆ ಬಿಟ್ಟು ಹೋದವನನ್ನು ಮರುವರ್ಷ ಯಾರೂ ಕರೆಯುತ್ತಿರಲಿಲ್ಲ. ಹಾರಿದ್ದು ಹಿಂಜಿದವನಿಗೆ ಎಂಬುದನ್ನು ಯಾರೂ ಕೇಳುತ್ತಿರಲಿಲ್ಲ, ಯಾರೂ ಹೇಳುತ್ತಿರಲಿಲ್ಲ. ನನ್ನ ತಾಯಿ ಅದನ್ನು ಚಳಿಗಾಲವಿಡೀ ಕೂಡಿಸಿಟ್ಟು ತಲೆದಿಂಬು ಮಾಡುತ್ತಿದ್ದಳು.

ಆ ವರ್ಷ ಒಬ್ಬ ಸರಕಾರಿ ಅಧಿಕಾರಿ ಕೊಂಕಣದ ಕಡೆಯಿಂದ ವರ್ಗವಾಗಿ ಬಂದು ನಾವು ತಿರುಗುವ ಓಣಿಯಲ್ಲಿ ಮನೆ ಮಾಡಿದ್ದರು. ಕಾಕಾನಿಗೆ ಬೇರೆ ಕಡೆ ಕೆಲಸವಿದ್ದುದರಿಂದ ಅಲ್ಲಿಗೆ ನಾನೊಬ್ಬನೇ ಹೋದೆ. ಗಾದಿ ಹಿಂಜಿ ಹೊಲಿದು, ಹಾರಿದ್ದನ್ನು ಬಳಿದು, ಗಂಟು ಹೆಗಲಿಗೆ ಹಾಕಿಕೊಂಡು ಹೊರಟೆ. ಅಧಿಕಾರಿಯ ಹೆಂಡತಿ ಪಡಸಾಲೆಯಲ್ಲಿ ನಿಂತು ನೋಡುತ್ತಿದ್ದರು, ಏನೂ ಅನ್ನಲಿಲ್ಲ. ಅಂಗಳದ ಬಾಗಿಲಲ್ಲಿ ಅವರ ಮನೆಯ ಸಿಪಾಯಿ ತಡೆದ.

"ಗಂಟಿನ್ಯಾಗ ಏನೈತಿ?"

"ಅರಳಿ."

"ಯಾರ ಅರಳಿ?"

"ಹಾರಿದ್ದು. ನಂದು."

"ಇವರ ಮನ್ಯಾಗ ನಿನ್ನ ಅರಳಿ ಎಲ್ಲಿಂದ ಬಂತಲೇ?"

ಆವರೆಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಸಂಜೆಗೆ ಪೊಲೀಸರು ಬಂದರು, ಪಂಚನಾಮೆ ಆಯಿತು. ಕಾಕಾ ಜಾಮೀನು ನಿಂತು ಬಿಡಿಸಿಕೊಂಡು ಹೋದರು.

ವಕೀಲರು ಬೇಡ ಎಂದು ಕಾಕಾ ತೀರ್ಮಾನಿಸಿದರು. ಧಾರವಾಡದ ಒಬ್ಬ ಹತ್ತಿ ಸಾವಕಾರರ ಮನೆಗೆ ನನ್ನ ಅಜ್ಜನ ಕಾಲದಿಂದ ನಮ್ಮ ಬಿಲ್ಲೇ ಹೋಗುತ್ತಿತ್ತು. ಮೈತುಂಬ ವಿಭೂತಿ, ತಲೆಗೆ ರುಮಾಲು, ಪೇಟೆಯಲ್ಲಿ ಅವರ ಮಾತಿಗೆ ತೂಕವಿತ್ತು. ಹಾರಿದ ಅರಳೆ ಹಿಂಜುವವನಿಗೇ ಸೇರುತ್ತದೆ ಎಂದು ಕೋರ್ಟಿನಲ್ಲಿ ಸಾಕ್ಷಿ ಹೇಳಲು ಅವರು ಒಪ್ಪಿದ್ದರು. ಆರೋಪ ಬಿದ್ದುಹೋದರೆ ಮತ್ತೆ ಓಣಿಗೆ ಹೋಗಬಹುದು. ಬೀಳದಿದ್ದರೆ ಯಾವ ಮನೆಯವರೂ ಒಳಕೋಣೆಗೆ ಬಿಡುವುದಿಲ್ಲ. ಇದು ನನಗೂ ಕಾಕಾನಿಗೂ ಗೊತ್ತಿತ್ತು. ತಾಯಿಗೂ ಗೊತ್ತಿತ್ತು.

ಖಟ್ಲೆಯ ದಿನ ಸಾಕ್ಷಿದಾರರು ಒಳಗೆ ಬರಬಾರದೆಂದು ಚಪರಾಸಿ ತಡೆದ. ಕಾಕಾ, ಸಾವಕಾರರು ಆವರಣದ ಬೇವಿನ ಮರದ ಕೆಳಗೆ ಕುಳಿತರು. ನನ್ನನ್ನು ಪಡಸಾಲೆಯ ಗೋಡೆಗೆ ಕೂರಿಸಿದರು. ಅಲ್ಲಿ ಕುಳಿತ ಪ್ರತಿಯೊಬ್ಬರ ಹತ್ತಿರ ಯಾರಾದರೊಬ್ಬರು ಬಂದು ನಿಂತು ಮಾತಾಡಿ ಹೋಗುತ್ತಿದ್ದರು. ಒಬ್ಬನ ಹೆಂಡತಿ ರೊಟ್ಟಿ ಬಿಚ್ಚಿ ಅವನ ಕೈಗೆ ಕೊಟ್ಟಳು. ನನ್ನ ರೊಟ್ಟಿಯೂ ಮಗ್ಗುಲಲ್ಲಿತ್ತು, ಬಿಚ್ಚಲಿಲ್ಲ. ಮರದ ಕೆಳಗಿನ ಕಾಕಾನ ಬೆನ್ನು ಕಾಣುತ್ತಿತ್ತು. ಅವರು ತಿರುಗಿ ನೋಡಲಿಲ್ಲ.

ಪಕ್ಕದಲ್ಲಿ ಸೈಕಲ್ ದೀಪ ಕದ್ದ ಆರೋಪದವನು ಇದ್ದ. ನಡುವಯಸ್ಸು, ಕೋರ್ಟಿನ ಚಪರಾಸಿಗಳೆಲ್ಲ ಪರಿಚಯದವರು.

"ಮೊದಲ್ನೇ ಸಲ ಏನೋ ತಮ್ಮಾ?"

"ಹೂಂರಿ."

"ಮಾರಿ ನೋಡಿದ್ರನಽ ತಿಳೀತೈತಿ. ಏನ್ ಕದ್ದಿ?"

"ಕದ್ದಿಲ್ರಿ."

"ಛಲೋ ಆತು. ಒಳಗೂ ಹಂಗಽ ಅನ್ನು. ನಾನೂ ಹಂಗಽ ಅಂತೇನಿ. ಬೇರೆ ಏನ್ ಕೇಳಿದ್ರೂ ಅದೊಂದಽ ಮಾತು."

ಚಪರಾಸಿ ನಗುತ್ತ, "ಇವನ ಕಡೆ ಕಲೀಬ್ಯಾಡಪಾ, ಇವಗ ಕೋರ್ಟಽ ಮಾವನ ಮನಿ" ಎಂದ.

ನನ್ನ ಹೆಸರು ಕೂಗಿದ್ದು ಮಧ್ಯಾಹ್ನದ ಹೊತ್ತಿಗೆ. ಒಳಗೆ ಮ್ಯಾಜಿಸ್ಟ್ರೇಟರು ಕಾಗದದಿಂದ ತಲೆ ಎತ್ತದೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಕಾರಕೂನ ಅದನ್ನು ಕನ್ನಡದಲ್ಲಿ ಕೇಳಿದ.

"ಈ ಗಂಟು ನೀ ಒಯ್ದದ್ದು ಖರೇ ಏನು?"

"ಖರೇರಿ."

"ಇದು ಆ ಮನಿ ಗಾದೀ ಒಳಗಿನ ಹತ್ತಿ ಹೌದೋ ಅಲ್ಲೋ?"

"ಹೌದ್ರಿ."

"ಒಯ್ಯೂ ಮುಂದ ಮನಿಯವರನ್ನ ಕೇಳಿದ್ದಿಯೇನು?"

"ಕೇಳೂ ಪದ್ಧತಿ ಇಲ್ರಿ. ನಮ್ಮ ಕಡೆ..."

"ಕೇಳಿದ್ದಿಯೋ ಇಲ್ಲೋ, ಅಷ್ಟ ಹೇಳು."

"ಇಲ್ರಿ."

ಕದ್ದೆಯಾ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನುವವನಿದ್ದೆ. ಒಯ್ದೆಯಾ ಎಂದರು, ಒಯ್ದಿದ್ದೆ. ನಿಜ ಹೇಳಿದ ಮೇಲೆ ಸಾವಕಾರರನ್ನು ಕರೆಯುತ್ತಾರೆ, ಪದ್ಧತಿಯ ಮಾತು ಅವರು ಹೇಳುತ್ತಾರೆ ಎಂದುಕೊಂಡೆ. ಕಾರಕೂನ ಬರೆದುಕೊಂಡ. ಮ್ಯಾಜಿಸ್ಟ್ರೇಟರು ಮೊದಲ ಬಾರಿ ನನ್ನನ್ನು ನೋಡಿ, ಹಿಂದೆ ಇಂಥದೇನಾದರೂ ಇದೆಯೇ ಎಂದು ಪೊಲೀಸರನ್ನು ವಿಚಾರಿಸಿದರು. ಇಲ್ಲ ಎಂದರು. ಆಮೇಲೆ ನನಗೆ ಕನ್ನಡದಲ್ಲೇ ಹೇಳಿದರು.

"ಇನ್ನೂ ಸಣ್ಣವ ಇದ್ದೀ. ಶಿಕ್ಷಾ ಕೊಡೂದಿಲ್ಲ. ಇನ್ನ ಮುಂದ ಹಿಂಗ ಮಾಡಬ್ಯಾಡ. ಹೋಗು."

ನಾನು ಕೈಮುಗಿದು ಹೊರಗೆ ಬಂದೆ. ಮರದ ಕೆಳಗೆ ಸಾವಕಾರರು ಎದ್ದು ರುಮಾಲು ಸರಿಮಾಡಿಕೊಳ್ಳುತ್ತಿದ್ದರು, ನಾನು ತಮ್ಮನ್ನು ಕರೆಯಲು ಬಂದೆನೆಂದು ತಿಳಿದು.

"ಏನ್ ಕೇಳಿದ್ರೋ?"

"ಒಯ್ದಿಯೇನು ಅಂದ್ರು. ಹೂಂ ಅಂದೆ. ಹೋಗು ಅಂದ್ರು."

"ಮತ್ತ ನನ್ನ ಸಾಕ್ಷಿ?"

ಅವರು ಸರಸರ ಮೆಟ್ಟಿಲು ಹತ್ತಿದರು. ಚಪರಾಸಿ ಅಡ್ಡ ನಿಂತ.

"ಅದು ಮುಗೀತ್ರೀ ಸಾವಕಾರ್ರ. ಹುಡುಗ ಒಪ್ಪಿಕೊಂಡಾನ."

"ಏನ್ ಒಪ್ಪಿಕೊಂಡಾನ? ಒಯ್ದೇನಿ ಅಂದ್ರ ಕದ್ದೇನಿ ಅಂದಂಗಾತೇನು?"

"ಅದನ್ನ ನನ್ನ ಮುಂದ ಹೇಳಿದ್ರ ಏನಾಕ್ಕೈತ್ರಿ? ನಾ ಬಾಗಲಾ ಕಾಯಾಂವ."

ಸಾವಕಾರರು ಕೆಳಗಿಳಿದು ಕಾಕಾನ ಬಳಿ ಬಂದರು. "ಪಾಪ, ಖರೇ ಹೇಳ್ಯಾನ" ಎಂದು ಮಾತ್ರ ಅಂದು ಅಂಗಡಿಗೆ ಹೋದರು. ಸೈಕಲ್ ದೀಪದವನು ಸಾಕ್ಷಿ ಸಾಲದೆ ಬಿಡುಗಡೆಯಾಗಿ, ನಮ್ಮನ್ನು ದಾಟಿ ಹೋಗುವಾಗ ನನಗೆ ಸಲಾಮು ಮಾಡಿದ.

ನಾವು ಉಣಕಲ್ಲಿಗೆ ಮರಳಿದೆವು. ಮನೆಯಲ್ಲಿ ತಾಯಿ, "ಬಿಟ್ರೇನೋ?" ಎಂದಳು. "ಬಿಟ್ರು" ಎಂದೆ. ಅವಳು ಓಣಿಯ ಮನೆಗಳಿಗೆ ಸಕ್ಕರೆ ಹಂಚಿ ಬಂದಳು. ಎಚ್ಚರಿಕೆ ಕೊಟ್ಟು ಬಿಟ್ಟರೂ ಅದು ಗುನ್ಹೆ ಸಾಬೀತಾದಂತೆಯೇ ಲೆಕ್ಕ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಕಾಕಾನಿಗೆ ಗೊತ್ತಿತ್ತೆಂದು ಕಾಣುತ್ತದೆ. ಅವರು ಸಕ್ಕರೆ ಮುಟ್ಟಲಿಲ್ಲ.

ಆ ಚಳಿಗಾಲ ನಾನು ಅದೇ ಓಣಿಗಳಲ್ಲಿ ಬಿಲ್ಲು ಮೀಟುತ್ತ ತಿರುಗಿದೆ. ಯಾರೂ ಬೈಯಲಿಲ್ಲ. ಬಾಗಿಲಿಗೆ ಬಂದು, "ಈ ವರ್ಷ ಗಾದಿ ಛಲೋ ಅದಾವಪಾ" ಎನ್ನುತ್ತಿದ್ದರು. "ನಮ್ಮವರು ಊರಾಗ ಇಲ್ಲ, ಆಮ್ಯಾಲೆ ಬಾ" ಎನ್ನುತ್ತಿದ್ದರು. ಕೆಲವರು ಕುಡಿಯಲು ನೀರನ್ನೂ ಕೊಟ್ಟರು, ಕಟ್ಟೆಯ ಮೇಲೆಯೇ. ಚಿಕ್ಕಂದಿನಿಂದ ನನ್ನನ್ನು ಕಂಡಿದ್ದ ಒಬ್ಬ ಮುದುಕಿ ಮಾತ್ರ ನೇರವಾಗಿ ಹೇಳಿದಳು.

"ನನಗ ನಿನ್ನ ಮ್ಯಾಲೆ ಏನೂ ಇಲ್ಲ ಯಪ್ಪಾ. ನಿಮ್ಮಪ್ಪನೂ ಒಯ್ತಿದ್ದ, ನಿಮ್ಮಜ್ಜನೂ ಒಯ್ತಿದ್ದ. ಆದ್ರ ಕೋರ್ಟಿನ್ಯಾಗ ನೀನಽ ಹೂಂ ಅಂದಿಯಂತ. ಸೊಸ್ತ್ಯಾರು ಅಂಜತಾರ."

ಸಾವಕಾರರು ಒಂದು ದಿನ ಬೇಕೆಂದೇ ಪೇಟೆಯಲ್ಲಿ ಎಲ್ಲರ ಮುಂದೆ ನನ್ನನ್ನು ಮನೆಗೆ ಕರೆದರು. ಹೋದೆ. ಹಿಂಜುವಷ್ಟು ಹೊತ್ತೂ ಅವರ ಹಿರಿಯ ಸೊಸೆ ಬಾಯಿಗೆ ಸೆರಗು ಹಿಡಿದು, ಕೆಮ್ಮುತ್ತ, ಕೋಣೆಯ ಮೂಲೆಯಲ್ಲಿ ಕುಳಿತಿದ್ದಳು. ಅಷ್ಟು ಧೂಳಿನಲ್ಲಿ ಮನೆಯವರು ಯಾರೂ ಹಿಂದೆಂದೂ ಕುಳಿತದ್ದಿಲ್ಲ. ಕೆಲಸ ಮುಗಿದ ಮೇಲೆ ಹಾರಿದ್ದನ್ನು ಬಳಿದು ಅವಳ ಮುಂದೆ ಗುಪ್ಪೆ ಹಾಕಿದೆ.

"ಒಯ್ಯಿ, ಅದು ನಿಂದಽ" ಎಂದಳು.

"ಇರಲಿ ಬಿಡ್ರೀ ಅಕ್ಕಾರ" ಎಂದು ಎದ್ದು ಬಂದೆ. ನಾನು ಹಿಂಜಿದ ಕೊನೆಯ ಗಾದಿ ಅದು.

ಬಿಲ್ಲನ್ನು ಕಾಕಾನ ಮಗನಿಗೆ ಕೊಟ್ಟು ಹುಬ್ಬಳ್ಳಿಗೆ ಹೋಗಿ ಒಂದು ವಾರಪತ್ರಿಕೆಯ ಛಾಪಖಾನೆಯಲ್ಲಿ ಕಾಗದ ಮಡಿಚುವ ಕೆಲಸಕ್ಕೆ ಸೇರಿದೆ. ಅಲ್ಲಿ ಬರಹ ಪಳಗಿ ಕೆಲ ವರ್ಷಗಳಾದ ಮೇಲೆ ಪತ್ರಿಕೆಯವರೇ ನನ್ನನ್ನು ಕೋರ್ಟಿನ ವರದಿಗೆ ಕಳಿಸತೊಡಗಿದರು. ಧಾರವಾಡದ ಅದೇ ಕೋಣೆಯ ಗೋಡೆಯ ಪಕ್ಕ ನಿಂತು ಎಷ್ಟೋ ಸಣ್ಣ ಖಟ್ಲೆಗಳನ್ನು ಬರೆದುಕೊಂಡಿದ್ದೇನೆ. ಒಯ್ದೆಯಾ ಎಂದು ಕೇಳಿದಾಗ ಹೌದು ಎನ್ನುವವರು ಈಗಲೂ ಬರುತ್ತಾರೆ. ಅವರ ಸುದ್ದಿಯನ್ನು "ಆರೋಪಿಯು ಗುನ್ಹೆ ಒಪ್ಪಿಕೊಂಡನು" ಎಂದೇ ಬರೆಯುತ್ತೇನೆ. ಕೋರ್ಟಿನ ಕಾಗದದಲ್ಲಿ ಇರುವುದು ಅಷ್ಟೇ.

ಕೊಂಕಣದ ಅಧಿಕಾರಿ ಎರಡನೆಯ ವರ್ಷವೇ ವರ್ಗವಾಗಿ ಹೋದರು. ಕಾಕಾ ಯುದ್ಧದ ಕಾಲದಲ್ಲಿ ತೀರಿಕೊಂಡರು. ಅವರ ಮಗ ಆ ಓಣಿಗಳಲ್ಲಿ ಈಗಲೂ ಹಿಂಜುತ್ತಾನೆ. ಅವನನ್ನು ಒಳಗೆ ಕರೆಯುವುದಿಲ್ಲ. ಅಂಗಳದಲ್ಲಿ ಪರದೆ ಕಟ್ಟಿಕೊಂಡು ಕೂರುತ್ತಾನೆ. ಹಿಂಜುವ ಮೊದಲು ಮನೆಯವರು ಅರಳೆಯನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾರೆ. ಹಿಂಜಿದ ಮೇಲೆ ಮತ್ತೆ ತೂಗುತ್ತಾರೆ.