ನೀರು ತಾಗಬಾರದ ಹಾಸು

ನಮ್ಮವರು ಆ ಹಾಸನ್ನು ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತು ತಂದ ಸಂಜೆ ನಾನು ಅವರನ್ನು ಬಾಗಿಲಲ್ಲೇ ನಿಲ್ಲಿಸಿದ್ದೆ. ಆಗ ನಾವು ಕುವೈತಿನ ಅಬು ಹಲೀಫಾದಲ್ಲಿ, ಸಮುದ್ರಕ್ಕೆ ಹತ್ತಿರದ ಒಂದು ಫ್ಲ್ಯಾಟಿನಲ್ಲಿದ್ದೆವು. ನಾನು ಹಲ್ಲಿನ ಕ್ಲಿನಿಕ್ಕೊಂದರ ರಿಸೆಪ್ಷನ್ನಿನಲ್ಲಿ ಕೂರುತ್ತಿದ್ದೆ. ಅವರು ಮೀನಾ ಅಬ್ದುಲ್ಲಾದ ರಿಫೈನರಿಗೆ ಸಾಮಾನು ಒದಗಿಸುವ ಗುತ್ತಿಗೆ ಕಂಪನಿಯಲ್ಲಿ ಸ್ಟೋರ್‌ಕೀಪರ್. ಅವರ ಮೇಲಧಿಕಾರಿ ಅರ್ಜೆಂಟೀನಾದ ಎಂಜಿನಿಯರು. ಕೆಲಸ ಮುಗಿಸಿ ಊರಿಗೆ ಹೊರಟಾಗ ಮನೆಯ ಸಾಮಾನನ್ನೆಲ್ಲ ಹಂಚಿದ್ದರಂತೆ. ಇವರ ಪಾಲಿಗೆ ಬಂದದ್ದು ಇದು: ಇಡೀ ಒಂದು ದನದ ಚರ್ಮ, ಕೂದಲು ಸಮೇತ. ಬಿಳಿ ಮೈ, ಅಲ್ಲಲ್ಲಿ ಕಂದು ಮಚ್ಚೆ.

ದೇವರ ಫೋಟೋ ಇರುವ ಮನೆಯೊಳಗೆ ಅದು ಬೇಡ ಎಂದೆ.

ಅವರು ನಕ್ಕರು. "ಚೆಂಡೆಗೆ ಬಿಗಿಯುವುದು ಯಾವ ಚರ್ಮ ಮಾರಾಯ್ತಿ? ದೇವಸ್ಥಾನದ ಅಂಗಳದಲ್ಲೇ ಬಾರಿಸುವುದಿಲ್ವಾ?"

ನಾನು ಬಾಗಿಲು ಬಿಟ್ಟು ಸರಿದೆ. ಅವರು ಹಾಲ್‌ನಲ್ಲಿ ಸೋಫಾದ ಮುಂದೆ ಅದನ್ನು ಹಾಸಿದರು. ತುಂಬ ದಿನ ನಾನು ಅದಕ್ಕೆ ಕಾಲು ತಾಗಿಸದೆ ಸುತ್ತು ಹಾಕಿಕೊಂಡೇ ನಡೆದೆ. ಪ್ರೈಮರಿ ಶಾಲೆಗೆ ಹೋಗುತ್ತಿದ್ದ ಮಗಳು ಮಾತ್ರ ಆ ರಾತ್ರಿಯೇ ಅದರ ಮೇಲೆ ಬೋರಲು ಮಲಗಿ ಹೋಮ್‌ವರ್ಕ್ ಮಾಡಿದಳು.

ಎಂಜಿನಿಯರು ಅದರ ಆರೈಕೆಯನ್ನೂ ಹೇಳಿಕೊಟ್ಟಿದ್ದರು. ಕೂದಲು ಯಾವ ಕಡೆಗೆ ಮಲಗಿದೆಯೋ ಆ ಕಡೆಗೇ ವ್ಯಾಕ್ಯೂಮ್ ಎಳೆಯಬೇಕು. ಏನಾದರೂ ಚೆಲ್ಲಿದರೆ ಉಜ್ಜಬಾರದು, ಒಣಬಟ್ಟೆ ಒತ್ತಿ ಹೀರಿಸಬೇಕು. ಅಂಟಿಕೊಂಡದ್ದನ್ನು ಚಮಚದ ಅಂಚಿನಿಂದ ಮೆಲ್ಲ ಎಬ್ಬಿಸಬೇಕು. ಒಂದೇ ಕಡೆ ಬಿಸಿಲು ಬಿದ್ದು ಬಣ್ಣ ಹೋಗದ ಹಾಗೆ ಆಗಾಗ ತಿರುಗಿಸಿ ಹಾಕಬೇಕು. ಮಡಚಲೇಬಾರದು, ಸುತ್ತಬೇಕು. ನೀರಿನಲ್ಲಿ ಮಾತ್ರ ಯಾವತ್ತೂ ನೆನೆಸಬಾರದು. ಈ ಕೆಲಸವೆಲ್ಲ ಕೊನೆಗೆ ನನ್ನ ತಲೆಗೇ ಬಂತು. ಮಗಳು ಒಮ್ಮೆ ಸಾರು ಚೆಲ್ಲಿದಾಗ ವಿನೆಗರ್ ಬೆರೆಸಿದ ನೀರಿಗೆ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿದೆ. ಅರಿಶಿನದ ಕಲೆ ಪೂರ್ತಿ ಹೋಗಲಿಲ್ಲ. ಕೈಯಿಟ್ಟು ಸವರುತ್ತ ಸವರುತ್ತ ಅದರ ಬಗ್ಗೆ ನನಗಿದ್ದ ಹೇಸಿಗೆ ಮಾತ್ರ ಹೋಯಿತು. ಯಾವಾಗ ಹೋಯಿತೆಂದು ಗೊತ್ತಿಲ್ಲ.

ಮಗಳು ಹೈಸ್ಕೂಲಿಗೆ ಬಂದ ವರ್ಷ ಕಂಪನಿಯ ಗುತ್ತಿಗೆ ಮುಗಿಯಿತು. ಇವರನ್ನೂ ಸೇರಿಸಿ ಸ್ಟೋರಿನವರನ್ನೆಲ್ಲ ಕೆಲಸದಿಂದ ತೆಗೆದರು. ಊಟಕ್ಕೆ ಕೈ ತೊಳೆಯುತ್ತ, ಬೆನ್ನು ಹಾಕಿಕೊಂಡೇ ಇವರು ನನಗೆ ಹೇಳಿದ್ದು: ಖಲಾಸ್ ಅಂದುಬಿಟ್ಟರು. ಬೇರೆ ಕಡೆ ಸೇರಬೇಕಾದರೆ ಅಲ್ಲಿರಲು ಕೊಡುವ ಪರವಾನಗಿ, ಇಕಾಮಾ, ಬದಲಾಗಬೇಕು, ಅದಕ್ಕೆ ಹಳೆ ಕಂಪನಿಯ ಒಪ್ಪಿಗೆ ಬೇಕು. ಆ ಆಫೀಸಿಗೆ ಅಲೆದರು. ಅಲ್ಲಿಯವರು ಬುಕ್ರಾ ಬಾ, ಬುಕ್ರಾ ಬಾ ಎಂದರು. ನಾಳೆ ಎನ್ನುವ ಆ ಅರಬ್ಬಿ ಮಾತನ್ನು ಇವರು ಮನೆಯಲ್ಲಿ ಮೊದಮೊದಲು ಅಣಕಿಸಿ ನಮ್ಮನ್ನು ನಗಿಸುತ್ತಿದ್ದರು.

ಆಮೇಲೆ ಅಣಕಿಸುವುದನ್ನೂ ಬಿಟ್ಟರು. ನಾನು ಕ್ಲಿನಿಕ್ಕಿಗೆ, ಮಗಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಒಬ್ಬರೇ. ಕೆಲವು ದಿನ ಅಡುಗೆ ಮಾಡಿಟ್ಟರು, ಅದೂ ನಿಂತಿತು. ಕ್ಷೌರ ನಿಂತಿತು. ಉಳಿದದ್ದು ಹಾಸಿನ ಆರೈಕೆ ಒಂದೇ. ಮೃದುವಾದ ಬ್ರಶ್ ಒಂದನ್ನು ತಂದು ಬೆಳಿಗ್ಗೆಯಿಂದ ಕುತ್ತಿಗೆಯ ಕಡೆಯಿಂದ ಬಾಲದ ಕಡೆಗೆ ಬಾಚುತ್ತಿದ್ದರು. ನಾನು ಮಧ್ಯಾಹ್ನ ಊಟಕ್ಕೆ ಬಂದಾಗಲೂ ಮೊಣಕಾಲೂರಿ ಬಾಚುತ್ತಲೇ ಇರುತ್ತಿದ್ದರು. ಅದರ ಮೇಲೆ ಕಾಲಿಡಬೇಡಿ ಎಂದರು. ಟೀ ಕುಡಿಯುವವರು ಅಡುಗೆಮನೆಯಲ್ಲಿ ಕುಡಿಯಿರಿ ಎಂದರು. ಮಗಳು ನಮ್ಮ ತುಳು ಅರ್ಥ ಮಾಡಿಕೊಂಡರೂ ಉತ್ತರಿಸುವುದು ಇಂಗ್ಲಿಷಿನಲ್ಲಿ. ಈಗಾಗಲೇ ಕ್ಲೀನಾಗಿದೆಯಲ್ಲ ಪಪ್ಪಾ ಎಂದು ಒಂದೆರಡು ಸಲ ಹೇಳಿ ನೋಡಿದಳು. ಆಮೇಲೆ ಶಾಲೆಯಿಂದ ಬಂದವಳೇ ರೂಮಿನ ಬಾಗಿಲು ಹಾಕಿಕೊಳ್ಳತೊಡಗಿದಳು.

ನಾನು ಡಾಕ್ಟರ ಮಾತೆತ್ತಿದೆ. ತನಗೇನೂ ಜ್ವರವಿಲ್ಲ ಎಂದರು.

ಬೇಸಿಗೆಯ ಆರಂಭದಲ್ಲಿ ಒಂದು ದೂಳಿನ ಗಾಳಿ ಬಂತು. ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿ, ಹಗಲಿಗೇ ಕಾರುಗಳು ದೀಪ ಹಾಕಿಕೊಂಡು ಹೋದವು. ಕಿಟಕಿ ಮುಚ್ಚಿದ್ದರೂ ಸಂದುಗಳಿಂದ ಹಿಟ್ಟಿನಂಥ ಮಣ್ಣು ಒಳಗೆ ಬಂದು, ಪಾತ್ರೆ, ಹಾಸಿಗೆ, ನಾಲಿಗೆಯ ಮೇಲೆಲ್ಲ ಕೂತಿತು. ಹಾಸಿನ ಬಿಳಿ ಕೂದಲಂತೂ ಕೆಂಪಾಯಿತು. ಅವರು ಬಾಚಿದರು, ಕೊಡವಿದರು, ವ್ಯಾಕ್ಯೂಮ್ ಹಾಕಿದರು. ಕೂದಲಿನ ಬುಡದಲ್ಲಿ ಇನ್ನೂ ಇದೆ, ಇನ್ನೂ ಇದೆ ಎನ್ನುತ್ತಿದ್ದರು.

ಮರುದಿನ ನಾನು ಕೆಲಸದಿಂದ ಬಂದಾಗ ಹಾಲ್‌ನ ನೆಲ ಬರಿದಾಗಿತ್ತು. ಬಾತ್‌ರೂಮಿನಲ್ಲಿ ನೀರಿನ ಸದ್ದು. ಒಳಗೆ ಹೋಗಿ ನೋಡಿದರೆ ಹಾಸು ಬಾತ್‌ಟಬ್ಬಿನಲ್ಲಿ ಮುಳುಗಿದೆ, ಮೇಲೆ ಬಟ್ಟೆ ಸೋಪಿನ ನೊರೆ. ಇವರು ಪ್ಯಾಂಟು ಮಡಚಿಕೊಂಡು ಟಬ್ಬಿನೊಳಗೇ ನಿಂತು ಅದನ್ನು ತುಳಿಯುತ್ತಿದ್ದಾರೆ. ನೀರು ಹಾಕಬಾರದೆಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಅವರು. ನಾನು ನಲ್ಲಿ ನಿಲ್ಲಿಸಿದೆ. ಅವರು ತುಳಿಯುವುದನ್ನು ನಿಲ್ಲಿಸಲಿಲ್ಲ.

"ಎಷ್ಟು ಕೊಳೆ ನೋಡು," ಎಂದರು. "ಇಷ್ಟು ವರ್ಷ ಇದರಲ್ಲಿ ಕೂತಿದ್ದೆವು."

ನೆನೆದ ಚರ್ಮ ನಮ್ಮಿಬ್ಬರಿಂದ ಎತ್ತಲಾಗಲಿಲ್ಲ. ಕಟ್ಟಡದ ಕಾವಲುಗಾರ, ಈಜಿಪ್ಟಿನ ಹಾರಿಸ್‌ನನ್ನು ಕರೆದೆ. ಮೂವರೂ ಸೇರಿ ಲಿಫ್ಟಿನಲ್ಲಿ ಎಳೆದುಕೊಂಡು ಟೆರೇಸಿಗೆ ಒಯ್ದೆವು, ಮಹಡಿಯುದ್ದಕ್ಕೂ ನೀರು ಸುರಿಯಿತು. ಗೋಡೆಯ ಮೇಲೆ ಹರವಿದೆವು. ಆ ಊರಿನ ಬಿಸಿಲಿಗೆ ಮರುದಿನ ಸಂಜೆಯೊಳಗೆ ಅದು ಹಪ್ಪಳದ ಹಾಗೆ ಸೆಟೆದು, ಅಂಚುಗಳು ಮೇಲಕ್ಕೆ ಸುರುಟಿಕೊಂಡವು. ಕೈಯಿಟ್ಟಲ್ಲಿ ಕೂದಲು ಹಿಡಿ ಹಿಡಿಯಾಗಿ ಕಿತ್ತು ಬಂತು. ಒಳಗಿನ ಚರ್ಮ ಕೊಳೆತ ಮೀನಿನ ಬಲೆಯಂತೆ ನಾರುತ್ತಿತ್ತು.

ಅವರು ಬಿಡಲಿಲ್ಲ. ತೆಂಗಿನೆಣ್ಣೆಯ ಬಾಟಲಿ ಹಿಡಿದು ದಿನವೂ ಟೆರೇಸಿಗೆ ಹೋಗಿ, ಉರಿಬಿಸಿಲಲ್ಲಿ ಕೂತು, ಚರ್ಮದ ಹಿಂಭಾಗಕ್ಕೆ ಎಣ್ಣೆ ತಿಕ್ಕುತ್ತಿದ್ದರು. ಮೈಕೈ ಸುಟ್ಟು ಕಪ್ಪಾದರು. ಬಟ್ಟೆ ಒಣಹಾಕಲು ಬರುವ ಹೆಂಗಸರು ವಾಸನೆಗೆ ದೂರು ಕೊಟ್ಟರು. ಪಾಪ, ಹಾರಿಸ್ ನಮ್ಮ ಬಾಗಿಲಿಗೆ ಬಂದು ತಲೆ ತಗ್ಗಿಸಿಕೊಂಡೇ ವಿಷಯ ಹೇಳಿದ. ನಾನು ಮೇಲೆ ಹೋದೆ. ಅವರು ನನ್ನನ್ನು ನೋಡಿದರು, ಎಣ್ಣೆ ಕೈಯನ್ನು ಲುಂಗಿಗೆ ಒರೆಸಿಕೊಂಡರು.

"ಇದು ಇನ್ನು ಮೆತ್ತಗಾಗುವುದಿಲ್ಲ, ಅಲ್ವಾ?"

"ಇಲ್ಲ," ಎಂದೆ.

ಅವರು ಎದ್ದು ಕೆಳಗೆ ಬಂದು ಮಲಗಿದರು. ಹಾಸನ್ನು ಹಾರಿಸ್ ಒಯ್ದು ಬೀದಿಯ ಕಸದ ಡಬ್ಬಕ್ಕೆ ತುರುಕಿದ. ಸೆಟೆದ ಒಂದು ಕಾಲು ಮುಚ್ಚಳದಿಂದ ಹೊರಗೆ ಚಾಚಿಕೊಂಡಿದ್ದನ್ನು ಮಗಳು ಶಾಲೆಯ ಬಸ್ಸಿಗೆ ಕಾಯುವಾಗ ನೋಡಿದಳಂತೆ. ಆ ದಿನ ಅವಳು ಶಾಲೆಯಿಂದ ಅಳುತ್ತಾ ಬಂದಳು.

ಕೆಲವು ತಿಂಗಳ ಮೇಲೆ ಅವರು ಊರಿಗೆ ಹೊರಟರು. ಅಲ್ಲೇ ಏನಾದರೂ ಕೆಲಸ ನೋಡುತ್ತೇನೆ ಎಂದರು. ಹಾಗೆನ್ನುವಾಗ ಅವರಿಗೂ ನಂಬಿಕೆ ಇರಲಿಲ್ಲ, ನಮಗೂ ಇರಲಿಲ್ಲ. ಮಗಳ ಪರೀಕ್ಷೆ ಮುಗಿಯುವವರೆಗೆ ನಾವಿಬ್ಬರೂ ಅಲ್ಲೇ ಉಳಿದೆವು. ಫೋನು ಮಾಡಿದರೆ ಹೂಂ ಎನ್ನುತ್ತಿದ್ದರು. ಆಮೇಲೆ ಫೋನು ಎತ್ತುವುದೂ ಕಡಿಮೆಯಾಯಿತು.

ಈಗ ನಾನೂ ಅವರೂ ಸುರತ್ಕಲ್ಲಿನ ಬಾಡಿಗೆ ಮನೆಯಲ್ಲಿದ್ದೇವೆ. ಮಂಗಳೂರಿನ ಡಾಕ್ಟರು ಕೊಟ್ಟ ಮಾತ್ರೆಗಳನ್ನು ನಾನು ಕೈಗೆ ಕೊಟ್ಟರೆ ನುಂಗುತ್ತಾರೆ. ಮಾತ್ರೆ ಬದಲಾದಾಗಲೆಲ್ಲ ಸ್ವಲ್ಪ ದಿನ ಆಸೆ ಹುಟ್ಟುತ್ತದೆ, ಆಮೇಲೆ ಮತ್ತೆ ಹಾಗೇ. ಮಗಳು ದೂರದ ಊರಿನಲ್ಲಿ ಓದುತ್ತಿದ್ದಾಳೆ. ಸಂಜೆ ಫೋನು ಮಾಡಿ, ಪಪ್ಪ ಇವತ್ತು ಏನಾದರೂ ಮಾತಾಡಿದರಾ ಎಂದು ಕೇಳುತ್ತಾಳೆ, ಅದೂ ಈಗ ತುಳುವಿನಲ್ಲಿ. ಊಟದಲ್ಲಿ ಉಪ್ಪು ಕೇಳಿದರು ಎಂದು ಒಂದು ದಿನ ಹೇಳಿದ್ದೆ. ಹೆಚ್ಚಿನ ದಿನ ಹೇಳಲು ಅಷ್ಟೂ ಇರುವುದಿಲ್ಲ.