ಅತ್ತೆಯನ್ನು ಎತ್ತಿದ ದಿನ

ಎರಡು ವರ್ಷದ ಹಿಂದಿನ ಮಾತು. ಹುನಗುಂದದಲ್ಲಿ ತಂಗಿಯ ಬಸುರಿ ಮಗಳ ಕುಬಸಕ್ಕೆ ಹೋಗಿದ್ದೆ. ನೆಲದ ಮೇಲೆ ಊಟಕ್ಕೆ ಕೂತವಳಿಗೆ ಏಳಲು ಆಗಲೇ ಇಲ್ಲ. ಇಬ್ಬರು ಬಂದು ರಟ್ಟೆ ಹಿಡಿದು ಎಬ್ಬಿಸಿದರು. ಆಗ ನನಗೆ ಅರವತ್ತು. ನಮ್ಮೂರು ಇಳಕಲ್ಲಿಗೆ ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದೆ.

ನಮ್ಮ ಓಣಿಯ ಶಬಾನಾ ದವಾಖಾನೆಯಲ್ಲಿ ಫಿಸಿಯೋಥೆರಪಿಸ್ಟ್. ಅವಳ ಹತ್ತಿರ ಹೇಳಿಕೊಂಡೆ. "ಬರೇ ಎಣ್ಣಿ ತಿಕ್ಕಿದ್ರ ಆಗೂದಿಲ್ರಿ ಅಕ್ಕಾರ, ತೊಡಿಗೆ ಶಕ್ತಿ ಬರಬೇಕು" ಎಂದಳು. ಕೈಯೂರದೆ ಕುರ್ಚಿಯಿಂದ ಏಳುವುದು, ಕೂರುವುದು ಕಲಿಸಿದಳು. ಆಮೇಲೆ ಭಾರ ಎತ್ತುವುದು: ಮೊದಲು ನೀರಿನ ಬಾಟಲಿ, ತಿಂಗಳುಗಳು ಕಳೆದಂತೆ ಜೋಳ ತುಂಬಿದ ಚೀಲ. ಬೆನ್ನು ನೆಟ್ಟಗಿಟ್ಟು ಮೊಣಕಾಲಿನಿಂದ ಎತ್ತಬೇಕು. ಪಡಸಾಲೆಯಲ್ಲಿ ಕೂತ ಅತ್ತೆಗೆ ಅದೊಂದು ತಮಾಷೆ. "ಮನೀನ ಗರಡಿಮನಿ ಮಾಡೀದಿ ನೋಡವಾ" ಎನ್ನುತ್ತಿದ್ದರು.

ಕಳೆದ ಶ್ರಾವಣದಲ್ಲಿ ಒಂದು ಮುಂಜಾನೆ ಯಜಮಾನರು ಕೂಡಲಸಂಗಮಕ್ಕೆ ಹೋಗಿದ್ದರು. ಬಚ್ಚಲಿನಿಂದ ದೊಪ್ಪೆಂದು ಸದ್ದಾಯಿತು. ಓಡಿದೆ. ಸ್ನಾನಕ್ಕೆ ಕೂತಿದ್ದ ಅತ್ತೆ ಜಾರಿ ಬಿದ್ದಿದ್ದರು. ಪಾದದ ಪಕ್ಕದಲ್ಲೇ ನೀರೊಲೆಯ ಕೆಂಡ.

"ಎಲ್ಲೆರೆ ಭಾಳ ನೋಯ್ತದೇನ್ರಿ ಅತ್ತಿ? ಬಾಜೂ ಮನಿಯವ್ರನ್ನ ಕರೀಲೇನು?"

"ನೋವಿಲ್ಲ, ಕಾಲು ಏಳವಲ್ವು. ಯಾರನ್ನೂ ಕರೀಬ್ಯಾಡವಾ, ಮೈಮ್ಯಾಲೆ ಅರಿವಿ ಇಲ್ಲ. ನಿನ್ನ ಕೈ ಮುಗೀತೇನಿ."

ಯಾರಿಗೂ ತಲೆಬಾಗದ ಹೆಂಗಸು ಅವರು. ಒಣ ಸೀರೆ ಸುತ್ತಿದೆ. ಹಿಂದೆ ಕುಕ್ಕರಗಾಲಲ್ಲಿ ಕೂತು, ಅವರ ಕಂಕುಳಲ್ಲಿ ಕೈ ಹಾಕಿ ಎದೆಗೆ ಒತ್ತಿ ಹಿಡಿದೆ. ಶಬಾನಾ ಹೇಳಿದ್ದನ್ನೆಲ್ಲ ನೆನೆದು ಹಿಮ್ಮಡಿ ಊರಿ ಎದ್ದೆ. ಅತ್ತೆಯೂ ನನ್ನ ಜೊತೆ ಎದ್ದರು! ಹಾಗೇ ಹಿಂದೆ ಸರಿದು ಹೊರಗಿನ ಕುರ್ಚಿಯಲ್ಲಿ ಕೂರಿಸಿದೆ.

ಎಲುಬು ಮುರಿದಿಲ್ಲವೆಂದು ಡಾಕ್ಟರು ಹೇಳಿದರು. ಮೈನೋವು ಇಳಿದ ಮೇಲೆ ಅತ್ತೆಯೇ ಶಬಾನಾಳನ್ನು ಕರೆಸಿದರು. "ನನಗೂ ಕಲಿಸವಾ. ಸಾಯೂತನಾ ಬಚ್ಚಲಕ್ಕ ನಾ ಒಬ್ಬಾಕಿನ ಹೋಗಬೇಕು" ಎಂದರು. ಎಂಬತ್ತು ದಾಟಿದ ಅವರು ಈಗ ಕಿಟಕಿಯ ಸರಳು ಹಿಡಿದು ದಿನವೂ ಕುರ್ಚಿಯಿಂದ ಏಳುತ್ತಾರೆ, ಕೂರುತ್ತಾರೆ. ಬಚ್ಚಲಿಗೆ ಒಬ್ಬರೇ ಹೋಗುತ್ತಾರೆ. ನಾನು ಬಾಗಿಲ ಹೊರಗೆ ಸುಮ್ಮನೆ ನಿಂತಿರುತ್ತೇನೆ.

ಆ ಮುಂಜಾನೆ ನೆನಪಾದಾಗ ಭಯಕ್ಕಿಂತ ಹೆಚ್ಚಾಗಿ ಅವರ ಒದ್ದೆ ಮೈಯ ಭಾರ ನೆನಪಾಗುತ್ತದೆ. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ್ದೇವೆ. ಆದರೆ ನನ್ನ ಅತ್ತೆಯನ್ನು ನಾನು ಅಪ್ಪಿ ಹಿಡಿದದ್ದು ಅದೇ ಮೊದಲು.