ಓರಗಿತ್ತಿಯರ ಡಬ್ಬಿಯೂ ಐಸಕ್ಕನ ತಲೆನೋವೂ

ಇನ್ನೂ ಮಬ್ಬುಗತ್ತಲು. ಬೀದಿಯ ನಲ್ಲಿಯಲ್ಲಿ ನೀರು ಬರುವ ಮುಂಚೆ ಗಾಳಿ ಬುಸುಗುಟ್ಟುವ ಹೊತ್ತು. ಹಳೆಯ ಸ್ಕೂಟರೊಂದು ಕೆಮ್ಮುತ್ತಾ ಬಂದು ಮೂಲೆಮನೆಯ ಮುಂದೆ ನಿಲ್ಲುತ್ತದೆ. ಹಿಂದಿನ ಸೀಟಿಗೆ ಸೈಕಲ್ ಟ್ಯೂಬಿನಿಂದ ಬಿಗಿದ ನೀಲಿ ಐಸ್ ಪೆಟ್ಟಿಗೆ. ಇಳಿದ ಹೆಂಗಸು ಸ್ವೆಟರಿನ ತೋಳು ಮೇಲೇರಿಸಿಕೊಂಡು ಕಿಟಕಿಗೆ ಬಾಯಿಟ್ಟು ಕೇಳುತ್ತಾಳೆ.

"ಅಣ್ಣಾ, ಆಯ್ತಾ?"

"ಇಲ್ಲ ಕಣಮ್ಮ," ಒಳಗಿನಿಂದ ನಿದ್ದೆಗಣ್ಣಿನ ದನಿ. "ಹೊಟ್ಟೆ ಯಾಕೋ ಮುಷ್ಕರ ಹೂಡಿದೆ."

"ನಿನ್ನೆನೂ ಇದೇ ಹೇಳಿದ್ರಿ."

"ನೀನು ಬಾಗಿಲಲ್ಲಿ ಹೀಗೆ ಕಾವಲು ನಿಂತ್ರೆ ಬರೋದೂ ವಾಪಸ್ ಹೋಗುತ್ತೆ. ಒಂದು ಸುತ್ತು ಹಾಕ್ಕೊಂಡು ಬಾ, ಹೋಗು."

ಆಕೆ ಹೋಗುವುದಿಲ್ಲ. ಮೆಟ್ಟಿಲ ಮೇಲೆ ಕುಕ್ಕರಿಸಿ ಕೂರುತ್ತಾಳೆ. ಹಾಲಿನವನು ಹಾಲು ಹಾಕಲು ಬಂದಂತೆ, ಪೇಪರಿನವನು ಪೇಪರು ಹಾಕಲು ಬಂದಂತೆ, ಈಕೆ ಬರುವುದು ಜನರ ಮಲದ ಮಾದರಿಗೆ. ಈ ಬೀದಿಗಳಲ್ಲಿ ಆಕೆಯ ಹೆಸರು ಐಸಕ್ಕ. ಪೆಟ್ಟಿಗೆ ಕಂಡು ಐಸ್‌ಕ್ರೀಮ್ ಎಂದು ಹಿಂದೆ ಬಿದ್ದ ಮಕ್ಕಳು ಇಟ್ಟ ಹೆಸರು. ಒಳಗೇನಿದೆಯೆಂದು ತಿಳಿದ ಮೇಲೂ ಹೆಸರು ಬಿಟ್ಟುಹೋಗಿಲ್ಲ.

ಊರಂಚಿನ ಪ್ರಯೋಗಾಲಯವೊಂದರಲ್ಲಿ ಬೊಜ್ಜಿನ ಬಗ್ಗೆ ಅಧ್ಯಯನ ನಡೆಯುತ್ತಿದೆ. ಕಹಿಬೇರಿನ ಪುಡಿ ಮೈ ಇಳಿಸುತ್ತದೆ ಎಂಬ ಮಾತು ಅಜ್ಜಿಯಂದಿರ ಕಾಲದ್ದು. ಅದು ನಿಜವೇ, ನಿಜವಾದರೆ ಕರುಳಿನೊಳಗಿನ ಬ್ಯಾಕ್ಟೀರಿಯಾಗಳಿಗೆ ಅದು ಏನು ಮಾಡುತ್ತದೆ ಎಂದು ನೋಡುವುದು ಕೆಲಸ. ಅರ್ಧ ಜನಕ್ಕೆ ಬೇರಿನ ಪುಡಿ, ಇನ್ನರ್ಧಕ್ಕೆ ಅದೇ ಬಣ್ಣದ, ಅಷ್ಟೇ ಕಹಿಯಾದ, ಬೇರಿನಂಶವಿಲ್ಲದ ಬರೀ ಪುಡಿ. ಯಾರಿಗೆ ಯಾವುದು ಎಂದು ತಿಂದವರಿಗೂ ಗೊತ್ತಿಲ್ಲ, ಹಂಚುವ ಐಸಕ್ಕನಿಗೂ ಗೊತ್ತಿಲ್ಲ.

"ಇದನ್ನ ನಡೆಸೋ ಡಾಕ್ಟ್ರಮ್ಮ ನನಗೆ ಹೊಲದ ಲೆಕ್ಕದಲ್ಲಿ ಹೇಳಿದ್ರು," ಎನ್ನುತ್ತಾಳೆ ಐಸಕ್ಕ. "ಕರುಳು ಒಂದು ಹೊಲ. ಅದರಲ್ಲಿ ಪೈರೂ ಇರುತ್ತೆ, ಕಳೆನೂ ಇರುತ್ತೆ. ಬೇರಿನ ಪುಡಿ ಹಾಕಿದ್ರೆ ಯಾವುದು ಚಿಗುರುತ್ತೆ, ಯಾವುದು ಬಾಡುತ್ತೆ ಅಂತ ನೋಡ್ಬೇಕು. ನೋಡೋವಾಗ ಯಾರೂ ಬೇರೆ ಗೊಬ್ಬರ ತಂದು ಸುರೀಬಾರದು. ಇಷ್ಟೇ. ಇಷ್ಟು ಹೇಳೋಕೆ ನನ್ನ ಗಂಟಲು ಹರಿದುಹೋಗಿದೆ."

ಹರಿಯದೆ ಇನ್ನೇನು? ಒಪ್ಪಿಗೆ ಕೊಟ್ಟವರೆಲ್ಲ ತೂಕದ ಯಂತ್ರದ ಮುಂದೆ ತಲೆಯಾಡಿಸುತ್ತಾರೆ. ಮನೆಗೆ ಹೋಗಿ ಪಕ್ಕದ ಮನೆಯವರು ಕೊಟ್ಟ ಕಷಾಯ ಕುಡಿಯುತ್ತಾರೆ. ಕೇಳಿದರೆ, "ಗಿಡಮೂಲಿಕೆ ತಾನೆ, ಏನೂ ಮಾಡಲ್ಲ," ಎನ್ನುತ್ತಾರೆ. "ಏನೂ ಮಾಡಲ್ಲ ಅಂದ್ರೆ ಯಾಕ್ರೀ ಕುಡೀತೀರಿ?" ಎಂದು ಐಸಕ್ಕ ಹಣೆ ಚಚ್ಚಿಕೊಳ್ಳುತ್ತಾಳೆ. ನಿವೃತ್ತ ಬಸ್ ಚಾಲಕನೊಬ್ಬ ತನಗೆ ಆಗದ ದಿನ ಹೆಂಡತಿಯ ಮಾದರಿ ಕೊಟ್ಟು ಕಳಿಸುತ್ತಿದ್ದ. ಸಿಕ್ಕಿಬಿದ್ದಾಗ ಅವನ ವಾದ: "ಮೈ ಬೇರೆಯಾದ್ರೇನಮ್ಮ, ಒಲೆ ಒಂದೇ ಅಲ್ವಾ?" ಅವನ ಹೆಸರು ಹೊಡೆದು ಹಾಕಬೇಕಾಯಿತು.

ಬಾಗಿಲು ತಟ್ಟುವುದು ಒಂದು ಕಷ್ಟವಾದರೆ ಸ್ವಂತ ಬಾಗಿಲು ದಾಟುವುದು ಇನ್ನೊಂದು. ಗಂಡ ದರ್ಜಿ. ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ, ಗಿರಾಕಿಗಳ ಬಟ್ಟೆ. ಪೆಟ್ಟಿಗೆ ಖಾಲಿ ಇರಲಿ, ಬಿಸಿನೀರಲ್ಲಿ ತೊಳೆದಿರಲಿ, ಹೊಸ್ತಿಲು ದಾಟುವ ಹಾಗಿಲ್ಲ. ಅದರ ಜಾಗ ಮೆಟ್ಟಿಲ ಕೆಳಗೆ. "ಮದುವೆ ಬಟ್ಟೆ ಹೊಲಿಯೋ ಮನೆ ಕಣೆ ಇದು," ಎಂಬುದು ಅವನ ತಕರಾರು. "ನಿಮ್ಮ ಗಿರಾಕಿಗಳ ಸೊಂಟ ವರ್ಷ ವರ್ಷ ಬಿಚ್ಚಿ ಹೊಲಿಯೋರು ಯಾರು? ನೀವೇ. ನನ್ನ ಕೆಲಸ ಕೆಟ್ರೆ ನಿಮಗೇ ಲಾಭ, ಬಿಡಿ," ಎಂದು ಈಕೆಯೂ ಬಿಡುವುದಿಲ್ಲ.

ಮೊದಲು ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅದೇ ಆಸ್ಪತ್ರೆಗೆ ಒಂದು ದಿನ ತಂಗಿಯನ್ನು ಹೊತ್ತು ತಂದರು. ಮದುವೆಗೆ ಮುಂಚೆ ಸಣ್ಣಗಾಗಬೇಕೆಂದು ಸಂತೆಯಲ್ಲಿ ಕೊಂಡ ಪುಡಿಯನ್ನು ಮನೆಯಲ್ಲಿ ಯಾರಿಗೂ ಹೇಳದೆ ತಿಂದಿದ್ದಳು. ಕಣ್ಣು, ಉಗುರು ಎಲ್ಲ ಅರಿಸಿನ. ಪುಡಿಯಲ್ಲಿ ಏನಿತ್ತೆಂದು ವೈದ್ಯರಿಗೂ ತಿಳಿಯಲಿಲ್ಲ. ಮಾರಿದವನನ್ನು ಕೇಳಿದರೆ "ಎಲ್ಲ ಕಾಡಿನದು" ಎಂದ. ತಂಗಿ ಬದುಕಿದಳು. ಆದರೆ ಇಂದಿಗೂ ನಾಲ್ಕು ಹೆಜ್ಜೆ ನಡೆದರೆ ಕೂತುಬಿಡುತ್ತಾಳೆ. ಪ್ರಯೋಗಾಲಯದಲ್ಲಿ ಈ ಕೆಲಸಕ್ಕೆ ಜನ ಬೇಕೆಂದಾಗ, ಎಲ್ಲರೂ ಒಲ್ಲೆವೆಂದ ಕೆಲಸಕ್ಕೆ ಈಕೆ ತಾನಾಗಿ ಹೋದಳು. "ತಿನ್ನೋಕೆ ಮುಂಚೆ ಯಾರಾದ್ರೂ ಪರೀಕ್ಷೆ ಮಾಡ್ಲೇಬೇಕಲ್ವಾ? ಅದಕ್ಕೆ ಇದನ್ನ ಹೊರೋರು ಬೇಕು ಅಂದ್ರೆ ನಾನೇ ಹೊರ್ತೀನಿ."

ಹಾಗೆ ಹೊತ್ತವಳಿಗೆ ಕಳೆದ ವಾರ ದೊಡ್ಡ ಪೆಟ್ಟು ಬಿದ್ದಿದೆ.

ನಲ್ಲಿಬೀದಿಯ ಒಂದು ಮನೆಯಲ್ಲಿ ಓರಗಿತ್ತಿಯರಿಬ್ಬರೂ ಅಧ್ಯಯನಕ್ಕೆ ಸೇರಿದ್ದರು. ಒಂದೇ ಮನೆಯಿಂದ ಇಬ್ಬರು ಬೇಡ ಎಂದು ಡಾಕ್ಟ್ರಮ್ಮ ಮೊದಲೇ ಹೇಳಿದ್ದರು. ಜನ ಸಿಗದ ಕಷ್ಟಕ್ಕೆ ಐಸಕ್ಕನೇ "ನಾನು ನೋಡ್ಕೋತೀನಿ" ಎಂದು ಒಪ್ಪಿಸಿದ್ದಳು. ಹಿರಿಯವಳಿಗೆ ಹಸಿರು ಚೀಟಿಯ ಪೊಟ್ಟಣ, ಕಿರಿಯವಳಿಗೆ ಹಳದಿ. ಖಾಲಿ ಪೊಟ್ಟಣ ವಾಪಸ್ ಪಡೆಯುವಾಗ ನೋಡುತ್ತಾಳೆ: ಇಬ್ಬರ ಪೊಟ್ಟಣಗಳೂ ಅವಧಿಗೆ ಮುಂಚೆಯೇ ಖಾಲಿ, ಒಂದೇ ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ್ದು.

"ಪುಡಿ ಎಲ್ಲಿ?"

"ಡಬ್ಬಿಯಲ್ಲಿದೆಯಲ್ಲ," ಎಂದಳು ಕಿರಿಯವಳು.

"ಯಾರ ಡಬ್ಬಿ?"

"ಯಾರದು ಅಂದ್ರೆ? ಮನೆ ಡಬ್ಬಿ."

ಒಳಗಿನಿಂದ ಅತ್ತೆ ಹೆಮ್ಮೆಯಿಂದ ಹೊರಬಂದರು. "ನಾನೇ ಬೆರೆಸಿಟ್ಟೆ ಕಣಮ್ಮ. ಒಬ್ಬಳಿಗೆ ಒಳ್ಳೇದು, ಒಬ್ಬಳಿಗೆ ಸುಳ್ಳುಪುಡಿ ಅಂತೀಯ. ನಾಳೆ ಒಬ್ಬಳು ಸಣ್ಣಗಾಗಿ ಒಬ್ಬಳು ಆಗದಿದ್ರೆ ಈ ಮನೇಲಿ ನಾನು ಬಾಳೋಕಾಗುತ್ತಾ? ಸೊಸೆಯರಿಗೆ ಪಂಕ್ತಿಭೇದ ಮಾಡಿದ ಮನೆ ಉದ್ಧಾರ ಆಗಲ್ಲ."

"ಅಮ್ಮಾ, ಭೇದ ಮಾಡೋಕೇ ಅಲ್ವಾ ಎರಡು ಪೊಟ್ಟಣ ಕೊಟ್ಟಿದ್ದು!"

"ಅದು ನಿಮ್ಮ ಆಫೀಸಿನ ನ್ಯಾಯ. ಮನೆ ನ್ಯಾಯ ಬೇರೆ. ನನಗೂ ವಾಯು ಜಾಸ್ತಿ, ನಾನೂ ದಿನಾ ಒಂದು ಚಮಚ ತಗೋತೀನಿ. ಚೆನ್ನಾಗಿದೆ, ಇನ್ನೆರಡು ಪೊಟ್ಟಣ ಕೊಡು."

ಐಸಕ್ಕ ಅಲ್ಲೇ ಬಾಗಿಲಿಗೆ ಒರಗಿ ನಿಂತಳಂತೆ. ನಗುವುದೋ ಅಳುವುದೋ ತಿಳಿಯದ ಸ್ಥಿತಿ. ಹೇಳಿದರೆ ಇಬ್ಬರ ಹೆಸರೂ ಪಟ್ಟಿಯಿಂದ ಹೋಗುತ್ತದೆ. ಈಗಾಗಲೇ ಜನ ಕಡಿಮೆ. ಆಕೆಯ ಪಾಲಿನ ಬೀದಿಗಳಲ್ಲಿ ಇನ್ನಿಬ್ಬರು ಕಡಿಮೆಯಾದರೆ ಈ ಊರಿನ ಮಟ್ಟಿಗೆ ಅಧ್ಯಯನವೇ ನಿಲ್ಲುತ್ತದೆ, ಆಕೆಯ ಕೆಲಸವೂ ನಿಲ್ಲುತ್ತದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹಿರಿಯ ಸೊಸೆ ಕೈ ಹಿಡಿದು ಅದನ್ನೇ ಬೇಡಿದಳು: "ಸುಮ್ಮನಿದ್ದುಬಿಡು ಅಕ್ಕಾ. ಯಾರಿಗೆ ನಷ್ಟ?"

ಐಸಕ್ಕ ಮಾದರಿಗಳನ್ನು ಮುಟ್ಟಿಸುವಾಗಲೇ ಡಾಕ್ಟ್ರಮ್ಮನಿಗೆ ಎಲ್ಲವನ್ನೂ ಹೇಳಿದಳು. ಡಾಕ್ಟ್ರಮ್ಮ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು, ಬಯ್ಯಲಿಲ್ಲ. ತಿಂಗಳು ಮುಗಿಯುವುದರೊಳಗೆ ಬೇರೆ ಇಬ್ಬರು ಸಿಕ್ಕರೆ ಮುಂದುವರಿಸೋಣ, ಇಲ್ಲವಾದರೆ ಇಲ್ಲಿಗೆ ಮುಗಿಸೋಣ ಎಂದರು. ನಲ್ಲಿಬೀದಿಯ ಆ ಮನೆ ಈಗ ಐಸಕ್ಕನಿಗೆ ಬಾಗಿಲು ತೆರೆಯುವುದಿಲ್ಲ. "ಚಾಡಿಕೋರಿ ಬಂದ್ಳು ನೋಡ್ರೇ," ಎಂದು ಅತ್ತೆ ಬೀದಿಗೆ ಕೇಳುವಂತೆ ಹೇಳುತ್ತಾರೆ.

ಯಾವ ಪುಡಿಯನ್ನೂ ತಿನ್ನದ ದಪ್ಪ ಮನುಷ್ಯರು ಇಬ್ಬರು ಬೇಕು. ಕೇಳಲು ಸುಲಭ. "ಈ ಊರಲ್ಲಿ ಚಿನ್ನ ಹುಡುಕಬಹುದು, ಪುಡಿ ತಿನ್ನದೋರನ್ನ ಹುಡುಕೋಕಾಗಲ್ಲ," ಎಂದು ಆಕೆ ಉರಿದುಬೀಳುತ್ತಾಳೆ. ಬೇಕರಿಯ ಒಲೆಯ ಮುಂದೆ ಕೆಲಸ ಮಾಡುವ ಒಬ್ಬಾತ ಹೇಗೋ ಒಪ್ಪಿದ್ದಾನೆ. ಇನ್ನೊಬ್ಬರಿಗಾಗಿ ಆಕೆ ಕಂಡುಕೊಂಡ ದಾರಿ ಒಂದೇ: ಮಧ್ಯಾಹ್ನ ಮೂಲಿಕೆ ಅಂಗಡಿಯ ಎದುರು ನಿಂತು, ಒಳಗೆ ಹೋಗಿ ಬರಿಗೈಯಲ್ಲಿ ಹೊರಬರುವವರನ್ನು ಹಿಡಿಯುವುದು.

"ನನ್ನ ಅಂಗಡಿ ಮುಂದೇನೇ ಬಲೆ ಹಾಕ್ತೀಯಲ್ಲ, ನಾಚಿಕೆ ಇಲ್ವಾ?" ಅಂಗಡಿಯವನು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೂಗುತ್ತಾನೆ.

"ನಿಮ್ಮ ಬಲೆಯಿಂದ ತಪ್ಪಿಸಿಕೊಂಡೋರು ಮಾತ್ರ ನಂಗೆ ಬೇಕು, ಸಾಹುಕಾರ್ರೇ."

ಶಾಲೆಯ ಅಡುಗೆಯವಳೊಬ್ಬಳು ಡಬ್ಬಿಗಳನ್ನು ಮೂಸಿ ನೋಡಿ, ಅನುಮಾನಿಸಿ, ಕೊಳ್ಳದೆ ಇಳಿದು ಬರುತ್ತಾಳೆ. ಐಸಕ್ಕ ಅಡ್ಡ ನಿಂತು ಪುಡಿ, ಪೊಟ್ಟಣ, ಬೆಳಗಿನ ಮಾದರಿ ಎಲ್ಲ ವಿವರಿಸುತ್ತಾಳೆ. ಅವಳು ಮೂಗಿನ ಮೇಲೆ ಬೆರಳಿಡುತ್ತಾಳೆ, ನಗುತ್ತಾಳೆ, ಆಮೇಲೆ ಗಂಭೀರಳಾಗಿ ಕೇಳುತ್ತಾಳೆ.

"ನಿಜ ಹೇಳಕ್ಕಾ. ನಿಮ್ಮ ಪುಡಿ ತಿಂದ್ರೆ ಸಣ್ಣ ಆಗ್ತೀನಾ?"

"ಗೊತ್ತಿಲ್ಲಮ್ಮ," ಎನ್ನುತ್ತಾಳೆ ಐಸಕ್ಕ.

ಅಡುಗೆಯವಳು ಹಿಂತಿರುಗಿ ಅಂಗಡಿಯ ಡಬ್ಬಿಗಳ ಸಾಲನ್ನೊಮ್ಮೆ, ಈಕೆಯ ಮುಖವನ್ನೊಮ್ಮೆ ನೋಡುತ್ತಾಳೆ. "ಅವರು ಖಂಡಿತ ಆಗ್ತೀಯ ಅಂದ್ರು."

"ಅವರೆಲ್ಲ ಹಾಗೇ ಅನ್ನೋದು. ಈ ಬೀದಿಯಲ್ಲಿ ಗೊತ್ತಿಲ್ಲ ಅನ್ನೋಳು ನಾನೊಬ್ಬಳೇ."

ಅಡುಗೆಯವಳು ಕೈಚೀಲ ಹೆಗಲಿಗೇರಿಸಿಕೊಳ್ಳುತ್ತಾಳೆ.

"ನಾನು ಬೇಗ ಏಳ್ತೀನಿ," ಎನ್ನುತ್ತಾಳೆ. "ತಡ ಮಾಡ್ಬೇಡಿ ಮತ್ತೆ."